ಮುಳಬಾಗಿಲ ದಾರಿಯಲ್ಲಿ ಗೋಣಿ ಸೊಪ್ಪು

ಮೆಟ್ರೋ ಪಿಲ್ಲರ್ ಬುಡದಲ್ಲಿ, ಫುಟ್‌ಪಾತ್ ಕಲ್ಲಿನ ಸಂದಿಯಲ್ಲಿ, ಪಿಜಿ ಕಾಂಪೌಂಡಿನ ಮೂಲೆಯಲ್ಲಿ, ಆಫೀಸ್ ಪಾರ್ಕಿಂಗಿನ ಜಲ್ಲಿ ರಾಶಿ ಪಕ್ಕ... ಒಂದು ಮಳೆ ಬಿದ್ದು ನಾಲ್ಕು ದಿನ ಬಿಸಿಲು ಕಾದರೆ ಸಾಕು, ನೆಲಕ್ಕೆ ಅಂಟಿಕೊಂಡು ಹರಡುವ ಒಂದು ಪುಟ್ಟ ಗಿಡ ಅಲ್ಲೆಲ್ಲ ಹಾಜರಾಗುತ್ತದೆ. ಕೆಂಪು ಛಾಯೆಯ ದಪ್ಪ ಕಾಂಡ. ಚಮಚದ ಆಕಾರದ, ನೀರು ತುಂಬಿಕೊಂಡಂಥ ಹೊಳೆಯುವ ಎಲೆ. ಬೆಳಗಿನ ಬಿಸಿಲಲ್ಲಿ ಕೆಲವೇ ಗಂಟೆ ಅರಳುವ ಹಳದಿ ಹೂವು. ನೀವು ಅದನ್ನು ಖಂಡಿತ ನೋಡಿದ್ದೀರಿ. ಮೊಬೈಲ್ ನೋಡುತ್ತಾ ನಡೆಯುವಾಗ ಒಂದೆರಡು ಸಲ ತುಳಿದೂ ಇರಬಹುದು.

ಅದರ ಹೆಸರು ಗೋಣಿ ಸೊಪ್ಪು. ದೊಡ್ಡಗೋಣಿ ಅಂತಲೂ ಅಂತಾರೆ. ಉತ್ತರ ಕರ್ನಾಟಕದವರಿಗೆ ಅದು ಗೋಳಿ ಪಲ್ಯ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಪೋರ್ಚುಲಾಕಾ ಒಲೆರೇಸಿಯಾ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು. ಒಲೆರೇಸಿಯಾ ಅಂದರೆ ಅಡುಗೆಗೆ ಬಳಸುವಂಥದ್ದು ಅಂತ ಅರ್ಥ. ಅಂದರೆ 270 ವರ್ಷಗಳ ಹಿಂದೆ ಸ್ವೀಡನ್ನಿನಲ್ಲಿ ಕೂತು ಹೆಸರಿಟ್ಟವನಿಗೂ ಇದು ತಿನ್ನುವ ಸೊಪ್ಪು ಅಂತ ಗೊತ್ತಿತ್ತು. ನಮಗೆ ಮಾತ್ರ ಮರೆಯುತ್ತಾ ಬಂದಿದೆ.

ಆದರೆ ಇದನ್ನು ಮರೆಯದ ಒಂದು ಸೀಮೆ ಬೆಂಗಳೂರಿನಿಂದ ಎರಡು ಗಂಟೆ ದೂರದಲ್ಲಿದೆ. ವೀಕೆಂಡ್ ಅಂದರೆ ನಂದಿಬೆಟ್ಟ, ಮಡಿಕೇರಿ, ಚಿಕ್ಕಮಗಳೂರು ಅಂತ ಓಡುವ ನಾವು ಸಾಮಾನ್ಯವಾಗಿ ಪ್ರವಾಸಕ್ಕೆ ಅಂತ ಹೋಗದ ಸೀಮೆ ಅದು. ಕೋಲಾರ.

ಹಳೇ ಮದ್ರಾಸು ರಸ್ತೆ ಹಿಡಿದು

ಆಗಸ್ಟ್ ಕೊನೆಯ ಒಂದು ಶನಿವಾರ, ಆಫೀಸಿನ ಗೆಳತಿಯೊಬ್ಬಳ ಊರಿಗೆ ಹೊರಟೆವು. ಮುಳಬಾಗಿಲು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬೆಂಗಳೂರಿನಿಂದ ಮುಳಬಾಗಿಲಿಗೆ ಸುಮಾರು 100 ಕಿಲೋಮೀಟರ್. ಹೊಸಕೋಟೆ ದಾಟುವವರೆಗೆ ಟ್ರಾಫಿಕ್ಕು, ನರಸಾಪುರದವರೆಗೆ ಫ್ಯಾಕ್ಟರಿಗಳು, ಆಮೇಲೆ ನಿಧಾನಕ್ಕೆ ಕೆಂಪು ಮಣ್ಣು, ಬಂಡೆಗಳು, ಹುಣಸೆ ಮರಗಳು ಶುರುವಾಗುತ್ತವೆ. ಕೋಲಾರದ ಹತ್ತಿರ ಬಂದಾಗ ಶತಶೃಂಗ ಬೆಟ್ಟಗಳ ಸಾಲು ಕಾಣುತ್ತದೆ. ಅಂತರಗಂಗೆ ಇರುವುದು ಅದರ ಮೇಲೆಯೇ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಈ ಜಿಲ್ಲೆಯ ಮೂಲಕ ಹಾದು ಹೋಗುತ್ತದೆ, ಆದರೆ ಹೆಸರಿಗೆ. ಇಲ್ಲಿನವರು ತಲೆತಲಾಂತರದಿಂದ ನಂಬಿದ್ದು ಕೆರೆಗಳನ್ನು, ಆಮೇಲೆ ಬೋರ್‌ವೆಲ್‌ಗಳನ್ನು. ಸಾವಿರ ಅಡಿ ಕೊರೆದರೂ ನೀರು ಸಿಗದ ಕಥೆ ಇಲ್ಲಿ ಪ್ರತಿ ಊರಲ್ಲೂ ಇದೆ. ಹೀಗೆ ನೀರಿಗೆ ತತ್ವಾರ ಇರುವ ಊರಲ್ಲಿ ಸೊಪ್ಪಿಗೆ ಮಾತ್ರ ಬರ ಇಲ್ಲ ಅಂದರೆ ನಂಬುತ್ತೀರಾ? ಬೆರಕೆ ಸೊಪ್ಪು, ಮಸ್ಸೊಪ್ಪು, ಬಸ್ಸಾರು... ಈ ಹೆಸರುಗಳನ್ನು ಕೇಳಿದರೆ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದವರ ಮುಖ ಅರಳುತ್ತದೆ.

ಮುಳಬಾಗಿಲು ಅನ್ನುವುದು ಮೂಡಲ ಬಾಗಿಲು. ಮೈಸೂರು ಸೀಮೆಯ ಪೂರ್ವದ ಹೆಬ್ಬಾಗಿಲು ಅಂತ ಬಂದ ಹೆಸರು. ತಮಾಷೆ ಏನು ಗೊತ್ತಾ? ಪೋರ್ಚುಲಾಕಾ ಅನ್ನುವ ಹೆಸರು ಲ್ಯಾಟಿನ್ನಿನ 'ಪುಟ್ಟ ಬಾಗಿಲು' ಅನ್ನುವ ಮಾತಿನಿಂದ ಬಂದಿದೆ ಅಂತ ಹೇಳುವುದುಂಟು. ಅದರ ಬೀಜಕೋಶ ಮಾಗಿದಾಗ ಮೇಲಿನ ಅರ್ಧ ಡಬ್ಬಿ ಮುಚ್ಚಳದ ಹಾಗೆ ಕಳಚಿಕೊಳ್ಳುತ್ತದೆ. ಒಳಗೆ ಗಸಗಸೆಗಿಂತ ಸಣ್ಣ ಕಪ್ಪು ಬೀಜಗಳು. ಹೆಬ್ಬಾಗಿಲಿನ ಊರಲ್ಲಿ ಪುಟ್ಟ ಬಾಗಿಲಿನ ಗಿಡ.

ಕಳೆ ಕೀಳುವ ಕೈಗಳು

ಜುಲೈ, ಆಗಸ್ಟಿನಲ್ಲಿ ಬಿತ್ತಿದ ರಾಗಿ ಆ ಹೊತ್ತಿಗೆ ಗೇಣುದ್ದ ಬಂದಿರುತ್ತದೆ. ಕಳೆ ತೆಗೆಯುವ ಕಾಲ. ಗೆಳತಿಯ ಅಜ್ಜಿ ಇನ್ನಿಬ್ಬರು ಹೆಂಗಸರ ಜತೆ ಹೊಲದಲ್ಲಿ ಸಾಲು ಹಿಡಿದು ಕೂತಿದ್ದರು. ಕೈಯಲ್ಲಿ ಕುರ್ಚಿಗೆ. ನಾವೂ ಬದುವಿನ ಮೇಲೆ ಕೂತೆವು.

ಸ್ವಲ್ಪ ಹೊತ್ತು ನೋಡಿದ ಮೇಲೆ ಒಂದು ವಿಷಯ ಗೊತ್ತಾಯಿತು. ಅವರು ಸುಮ್ಮನೆ ಕಳೆ ಕೀಳುತ್ತಿರಲಿಲ್ಲ. ಕಿತ್ತದ್ದನ್ನು ಮೂರು ಪಾಲು ಮಾಡುತ್ತಿದ್ದರು. ಒಂದು ಪಾಲು ಅಲ್ಲೇ ಸಾಲಿನ ನಡುವೆ ಒಣಗಲು. ಇನ್ನೊಂದು ಬದುವಿನ ಮೇಲೆ, ಸಂಜೆ ಹಸುವಿಗೆ. ಮೂರನೆಯದು ಸೀದಾ ಮಡಿಲಿಗೆ. ಕಣ್ಣು ಮಾತಿನಲ್ಲಿ, ಕೈ ಕೆಲಸದಲ್ಲಿ. ಯಾವ ಗಿಡ ಎಲ್ಲಿಗೆ ಅಂತ ಯೋಚಿಸುವ ಗೋಜೇ ಇಲ್ಲ. ನಾವು ಮೇಲ್‌ಗಳನ್ನು ಫೋಲ್ಡರ್‌ಗೆ ಹಾಕುವುದಕ್ಕಿಂತ ಎಷ್ಟೋ ಬೇಗ.

ಮಡಿಲು ಬಿಚ್ಚಿದಾಗ ಒಳಗೆ ಏಳೆಂಟು ಬಗೆ ಇತ್ತು. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಕೊಮ್ಮೆ, ಕನ್ನೆ, ಎಳೆ ಚಗಚೆ, ಮುಳ್ಳು ಬರುವ ಮುಂಚಿನ ಮುಳ್ಳರಿವೆ. ಎಲ್ಲಕ್ಕಿಂತ ಹೆಚ್ಚು ಗೋಣಿ. ಇವಿಷ್ಟೂ ಸೇರಿದರೆ ಬೆರಕೆ ಸೊಪ್ಪು. ಇವುಗಳಲ್ಲಿ ಒಂದನ್ನೂ ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ. ಬಿಲ್ಲು ಇಲ್ಲ, ತೂಕ ಇಲ್ಲ.

"ಎಲ್ಲಾನೂ ಕಿತ್ತಾಕ್ಬಿಡ್ತೀರಲ್ಲ, ಮುಂದಿನ ಸಲಕ್ಕೆ ಬೇಡವಾ?" ಅಂತ ಕೇಳಿದೆ.

ಅಜ್ಜಿ ನಕ್ಕರು. "ಇದನ್ನ ಕಿತ್ರೆ ಹೋಗ್ತದಾ ಮಗಾ? ಕಿತ್ತು ಬಂಡೆ ಮ್ಯಾಲೆ ಹಾಕು, ಎಂಟು ದಿನ ಬಿಟ್ಟು ಬಾ, ಅಲ್ಲೇ ಹೂ ಬಿಟ್ಕಂಡು ಕೂತಿರ್ತದೆ."

ಇದು ಅಜ್ಜಿಯ ಉತ್ಪ್ರೇಕ್ಷೆ ಅಲ್ಲ. ಗೋಣಿ ಗಿಡವನ್ನು ಬುಡಸಮೇತ ಕಿತ್ತು ಮಣ್ಣಿನ ಮೇಲೆ ಬಿಟ್ಟರೆ ಕಾಂಡದಲ್ಲಿ ಕೂಡಿಟ್ಟ ನೀರಿನಲ್ಲೇ ಉಸಿರು ಹಿಡಿದುಕೊಂಡು ಮತ್ತೆ ಬೇರು ಬಿಡುತ್ತದೆ. ಅದಕ್ಕಾಗದಿದ್ದರೂ ಇರುವ ಮೊಗ್ಗುಗಳನ್ನು ಬೀಜ ಮಾಡಿಯೇ ಸಾಯುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ ಲಕ್ಷಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆ ಬೀಜಗಳು ಮಣ್ಣಿನೊಳಗೆ ದಶಕಗಳ ಕಾಲ ಕಾಯಬಲ್ಲವು. ಉಳುಮೆಗೆ ಮಣ್ಣು ಮೇಲೆ ಕೆಳಗೆ ಆಗಿ ಬೆಳಕು ಬಿದ್ದರೆ ಸಾಕು, ಎದ್ದು ಬರುತ್ತವೆ. ಪ್ರಪಂಚದ ಅತಿ ಕೆಟ್ಟ ಕಳೆಗಳ ಪಟ್ಟಿಗಳಲ್ಲಿ ಇದರ ಹೆಸರು ತಪ್ಪದೇ ಇರುವುದು ಇದಕ್ಕೇ. ಒಬ್ಬರ ಪಟ್ಟಿಯಲ್ಲಿ ಕಳೆ, ಇನ್ನೊಬ್ಬರ ಮಡಿಲಲ್ಲಿ ಸಾರು.

ಒಂದೇ ಮನೆಯ ಮೂವರು

ಪೋರ್ಚುಲಾಕಾ ಅನ್ನುವುದು ಒಂದು ಕುಲ. ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಬಿಸಿಲು ಸೀಮೆಯ ಸಣ್ಣ ಸಣ್ಣ ಗಿಡಗಳು. ಹಿಂದೆ ಇವುಗಳ ಕುಟುಂಬದಲ್ಲಿ ಬೇರೆ ಕುಲಗಳೂ ಇದ್ದವು. ಡಿಎನ್‌ಎ ನೋಡಿ ಸಸ್ಯಗಳ ಸಂಬಂಧ ಹೇಳುವ ಕಾಲ ಬಂದ ಮೇಲೆ ಉಳಿದವರೆಲ್ಲ ಬೇರೆ ಮನೆ ಮಾಡಿಕೊಂಡರು. ಈಗ ಆ ಕುಟುಂಬದಲ್ಲಿ ಇರುವುದು ಇದೊಂದೇ ಕುಲ. ಕೂಡು ಕುಟುಂಬ ಒಡೆದು ನ್ಯೂಕ್ಲಿಯರ್ ಫ್ಯಾಮಿಲಿ ಆಯಿತು ಅನ್ನಿ.

ಇದರಲ್ಲಿ ಮೂವರನ್ನು ನಾವು ದಿನಾ ನೋಡುತ್ತೇವೆ. ಮೊದಲನೆಯದು ಈಗ ಹೇಳಿದ ದೊಡ್ಡ ಗೋಣಿ. ಎರಡನೆಯದು ಸಣ್ಣ ಗೋಣಿ, ಪೋರ್ಚುಲಾಕಾ ಕ್ವಾಡ್ರಿಫಿಡಾ. ಇದರ ಎಲೆ ಅಕ್ಕಿಕಾಳಿನ ಗಾತ್ರ, ಎದುರುಬದುರು ಜೋಡಿಯಾಗಿ ಬರುತ್ತವೆ. ಗಿಣ್ಣಿನಲ್ಲಿ ಬಿಳಿ ಕೂದಲಿನ ಗೊಂಚಲು. ಹಳದಿ ಹೂವಿಗೆ ನಾಲ್ಕೇ ಎಸಳು. ದೊಡ್ಡ ಗೋಣಿಗೆ ಸಾಮಾನ್ಯವಾಗಿ ಐದು. ದೇವಸ್ಥಾನದ ಕಲ್ಲುಚಪ್ಪಡಿ ಸಂದಿಯಲ್ಲಿ ಚಾಪೆ ಹಾಸಿದ ಹಾಗೆ ಇರುತ್ತದಲ್ಲ, ಅದೇ. ಇದನ್ನೂ ಅಡುಗೆಗೆ ಹಾಕುತ್ತಾರೆ, ಆದರೆ ಬಿಡಿಸಲು ತಾಳ್ಮೆ ಬೇಕು.

ಮೂರನೆಯದು ನಿಮ್ಮ ಬಾಲ್ಕನಿಯಲ್ಲೇ ಇರಬಹುದು. ಟೇಬಲ್ ರೋಸ್. ಹತ್ತು ಗಂಟೆ ಹೂವು ಅಂತಲೂ ಕರೆಯುತ್ತೇವೆ. ಅದರ ತವರು ದಕ್ಷಿಣ ಅಮೆರಿಕ. ಅರ್ಜೆಂಟೀನಾ, ಬ್ರೆಜಿಲ್, ಉರುಗ್ವೆ ಕಡೆಯಿಂದ ಹೂವಿನ ಚೆಂದಕ್ಕೆ ಅಂತ ಲೋಕವೆಲ್ಲ ಸುತ್ತಿ ನಮ್ಮ ಮನೆ ಮುಂದಿನ ಒಡೆದ ಬಕೆಟ್ಟಿಗೆ ಬಂದು ಕೂತಿದೆ. ಬಿಸಿಲೇರಿದ ಮೇಲೆ ಅರಳಿ ಮಧ್ಯಾಹ್ನ ದಾಟುತ್ತಲೇ ಮುದುಡುವ ಹೂವು, ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಕ್ಯಾಬ್ ಹತ್ತುವವರಿಗೆ ತಮ್ಮ ಮನೆಯ ಟೇಬಲ್ ರೋಸ್ ಕಾಣುವುದು ಭಾನುವಾರ ಮಾತ್ರ. ಒಂದು ಭಾನುವಾರ ಹುಲ್ಲುಕಡ್ಡಿಯಿಂದ ಅದರ ಕೇಸರಗಳನ್ನು ಮೆಲ್ಲಗೆ ತಾಗಿಸಿ ನೋಡಿ. ತಾಗಿಸಿದ ಕಡೆಗೆ ಬಾಗುತ್ತವೆ. ಹುಳ ಬಂದು ಕೂತಾಗ ಪರಾಗ ಮೆತ್ತಲಿ ಅಂತ ಮಾಡಿಕೊಂಡ ಏರ್ಪಾಟು.

ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕುಂಡ, ಗೊಬ್ಬರ, ಇನ್‌ಸ್ಟಾಗ್ರಾಮ್ ಫೋಟೋ. ಇನ್ನೊಬ್ಬನಿಗೆ ಕುರ್ಚಿಗೆ.

ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ

ಅಜ್ಜಿ ಒಂದು ಕುಡಿ ಮುರಿದು ಬಾಯಿಗೆ ಹಾಕಿಕೊಂಡು ನಮಗೂ ಕೊಟ್ಟರು. ಗರಿಗರಿ, ಸ್ವಲ್ಪ ಲೋಳೆ, ನಿಂಬೆಯಂಥ ಹುಳಿ, ತುಸು ಉಪ್ಪು. "ಒತ್ತಾರೆ ಕಿತ್ರೆ ಹುಳಿ ಜಾಸ್ತಿ. ಹೊತ್ತು ಏರಿದ್ಮೇಲೆ ಸಪ್ಪಗಾಗ್ತದೆ. ಮಳೆ ಹೋಗಿ ಒಣಗಾಲ ಬಂದಾಗ ಇನ್ನೂ ಹುಳಿ" ಅಂದರು.

ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಯಾಕೆಂದರೆ ವಿಜ್ಞಾನಿಗಳು ಈ ಗಿಡದ ಬಗ್ಗೆ ಬೆರಗಾಗಿರುವುದೂ ಇದಕ್ಕೇ.

ಗಿಡಗಳು ಬಿಸಿಲಲ್ಲಿ ಆಹಾರ ತಯಾರಿಸಲು ಬೇರೆ ಬೇರೆ ದಾರಿ ಹಿಡಿಯುತ್ತವೆ. ರಾಗಿ, ಜೋಳ, ಕಬ್ಬು ಇವೆಲ್ಲ ಸಿ4 ಎಂಬ ದಾರಿಯವು. ಬಿಸಿಲು ಜೋರಿದ್ದರೂ ವೇಗವಾಗಿ ಬೆಳೆಯಬಲ್ಲವು. ಕಳ್ಳಿ, ಅನಾನಸ್‌ನಂಥವು ಸಿಎಎಮ್ ಎಂಬ ದಾರಿಯವು. ಇವು ಹಗಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತಂಪಾದಾಗ ತೆರೆಯುತ್ತವೆ. ರಾತ್ರಿ ಒಳಗೆಳೆದ ಗಾಳಿಯ ಇಂಗಾಲವನ್ನು ಹುಳಿಯ ರೂಪದಲ್ಲಿ, ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಲ್ಲಿ ಬಳಸಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಆದರೆ ಬೆಳವಣಿಗೆ ನಿಧಾನ. ಬೇಗ ಬೆಳೆಯಬೇಕಾ, ನೀರು ಉಳಿಸಬೇಕಾ? ಸಾಮಾನ್ಯವಾಗಿ ಒಂದು ಗಿಡ ಒಂದನ್ನು ಆರಿಸಿಕೊಳ್ಳುತ್ತದೆ.

ಗೋಣಿ ಸೊಪ್ಪು ಎರಡನ್ನೂ ಇಟ್ಟುಕೊಂಡಿದೆ. ಮಳೆ ಇದ್ದಾಗ ರಾಗಿಯ ದಾರಿ. ನೀರು ಕಮ್ಮಿಯಾದರೆ ಕಳ್ಳಿಯ ದಾರಿಯನ್ನೂ ಸೇರಿಸಿಕೊಳ್ಳುತ್ತದೆ. ಇವೆರಡೂ ಬೇರೆ ಬೇರೆ ಜೀವಕೋಶಗಳಲ್ಲಿ ಅಲ್ಲ, ಒಂದೇ ಜೀವಕೋಶದೊಳಗೆ ಜತೆಯಾಗಿ ನಡೆಯುತ್ತವೆ ಅಂತ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ತೋರಿಸಿದರು. ಬರ ತಡೆಯುವ ಬೆಳೆಗಳನ್ನು ರೂಪಿಸಲು ಇದರಿಂದ ಏನಾದರೂ ಕಲಿಯಬಹುದಾ ಅನ್ನುವುದು ಈಗಿನ ಕುತೂಹಲ.

ಒಣಗಾಲದಲ್ಲಿ ರಾತ್ರಿಯಿಡೀ ಕೂಡಿಟ್ಟ ಹುಳಿ ಬೆಳಿಗ್ಗೆ ಎಲೆಯಲ್ಲಿರುತ್ತದೆ, ಬಿಸಿಲೇರಿದಂತೆ ಖರ್ಚಾಗುತ್ತದೆ. ಲ್ಯಾಬಿನಲ್ಲಿ ಅಳೆದ ವಿಷಯವನ್ನು ಅಜ್ಜಿ ನಾಲಿಗೆಯಲ್ಲಿ ಅಳೆದಿದ್ದರು, ಅಷ್ಟೇ ವ್ಯತ್ಯಾಸ. ನದಿ ಇಲ್ಲದ ಜಿಲ್ಲೆ ಇಂಥ ಗಿಡವನ್ನು ನೆಚ್ಚಿಕೊಂಡಿದ್ದರಲ್ಲಿ ಲೆಕ್ಕಾಚಾರ ಇದೆ ಅಲ್ವಾ?

ಒಲೆಯ ಮುಂದೆ

ಮಧ್ಯಾಹ್ನದ ಊಟಕ್ಕೆ ಮಸ್ಸೊಪ್ಪು, ಮುದ್ದೆ. ಮಾಡುವುದು ಸುಲಭ. ಒಂದು ಲೋಟ ತೊಗರಿಬೇಳೆ ಮುಕ್ಕಾಲು ಬೆಂದಾಗ ನಾಲ್ಕೈದು ಸಲ ತೊಳೆದ ಬೆರಕೆ ಸೊಪ್ಪು, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಒಂದೆರಡು ಟೊಮ್ಯಾಟೊ ಹಾಕಿ ಬೇಯಿಸಬೇಕು. ನೆಲಕ್ಕೆ ಅಂಟಿ ಬೆಳೆಯುವ ಗಿಡ, ಮಣ್ಣು ಜಾಸ್ತಿ, ಹಾಗಾಗಿ ತೊಳೆಯುವುದರಲ್ಲಿ ಜಿಪುಣತನ ಬೇಡ. ಬೆಂದ ಮೇಲೆ ಕಟ್ಟು ಬಸಿದು, ಉಳಿದದ್ದನ್ನು ಕೋಲಿನಲ್ಲಿ ಮಸೆದು, ಮತ್ತೆ ಕಟ್ಟು ಬೆರೆಸಿ, ಸಾಸಿವೆ, ಇಂಗಿನ ಒಗ್ಗರಣೆ. ಗೋಣಿ ಜಾಸ್ತಿ ಇದ್ದರೆ ಹುಣಸೆಹಣ್ಣು ಬೇಕಾಗುವುದಿಲ್ಲ. ಮಿಕ್ಸಿಗೆ ಹಾಕಿದರೆ ಲೋಳೆಯಾಗುತ್ತದೆ, ಮಸೆದರೆ ಆಗುವುದಿಲ್ಲ. ಇದು ಗೆಳತಿಯ ಅಮ್ಮ ಹೇಳಿದ ಗುಟ್ಟು.

ಈ ಸೊಪ್ಪಿನ ಪೌಷ್ಟಿಕಾಂಶದ ಬಗ್ಗೆ ಜಗತ್ತು ಮಾತಾಡಲು ಶುರು ಮಾಡಿದ್ದು 1980ರ ದಶಕದಲ್ಲಿ. ಮೀನಿನ ಎಣ್ಣೆಯಿಂದಾಗಿ ಪ್ರಸಿದ್ಧವಾದ ಒಮೆಗಾ-3 ಕೊಬ್ಬಿನಾಮ್ಲ ಈ ಸೊಪ್ಪಿನಲ್ಲೂ ಇದೆ ಅಂತ ಅಮೆರಿಕದಲ್ಲಿ ಆರ್ಟೆಮಿಸ್ ಸಿಮೋಪೌಲಸ್ ಮತ್ತು ಜತೆಯವರು ಬರೆದರು. 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಆಲ್ಫಾ ಲಿನೊಲೆನಿಕ್ ಆಮ್ಲ. ಸೊಪ್ಪುಗಳ ಮಟ್ಟಿಗೆ ಇದು ಬಹಳ ದೊಡ್ಡ ಅಂಕಿ. ಮೀನಿನಲ್ಲಿರುವ ಒಮೆಗಾ-3 ಮತ್ತು ಇದು ಒಂದೇ ಬಗೆಯದ್ದಲ್ಲ, ಹಾಗಾಗಿ ಮೀನಿಗೆ ಬದಲು ಇದು ಅನ್ನಲಾಗದು. ಆದರೂ ಬಿಟ್ಟಿ ಸೊಪ್ಪಿಗೆ ಇಷ್ಟು ಕಮ್ಮಿಯಾ?

ಒಂದು ಎಚ್ಚರಿಕೆಯೂ ಬೇಕು. ಪಾಲಕ್‌ನ ಹಾಗೆ ಇದರಲ್ಲೂ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ತಿನ್ನುವುದು ಬೇಡ. ಬೇಯಿಸಿದ ನೀರಿಗೆ ಆಕ್ಸಲೇಟ್ ಸಾಕಷ್ಟು ಇಳಿಯುತ್ತದೆ, ಆದರೆ ನಮ್ಮ ಸಾರುಗಳಲ್ಲಿ ಆ ನೀರನ್ನೂ ಕುಡಿಯುತ್ತೇವೆ ಅನ್ನುವುದು ನೆನಪಿರಲಿ. ಮೊಸರಿನ ಜತೆ ತಿಂದರೆ ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಹಿಡಿದುಕೊಂಡು ಮೈಗೆ ಸೇರುವುದನ್ನು ಕಮ್ಮಿ ಮಾಡುತ್ತದೆ. ಟರ್ಕಿಯಲ್ಲಿ ಇದನ್ನು ಮೊಸರು, ಬೆಳ್ಳುಳ್ಳಿ ಹಾಕಿ ಕಲಸಿ ತಿನ್ನುತ್ತಾರೆ. ನಮ್ಮ ಸೊಪ್ಪಿನ ಪಚಡಿ ಅಂದುಕೊಳ್ಳಿ.

ಗಡಿ ದಾಟುವ ಹೆಸರುಗಳು

ಮುಳಬಾಗಿಲಿನಿಂದ ಆಂಧ್ರದ ಗಡಿ ಕೂಗಳತೆ. ತಮಿಳುನಾಡೂ ದೂರ ಇಲ್ಲ. ಈ ಸೀಮೆಯ ಅನೇಕ ಮನೆಗಳಲ್ಲಿ ಒಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಹೊಲದಲ್ಲಿ ಅಜ್ಜಿಯ ಜತೆಗಿದ್ದ ಹೆಂಗಸೊಬ್ಬರಿಗೆ ಅದು ಗೋಣಿ ಅಲ್ಲ, ಪಾಯಲ ಕೂರ. ತೆಲುಗಿನಲ್ಲಿ ಗಂಗವಾವಿಲಿ ಕೂರ ಅಂತಲೂ ಇದೆ. ತಮಿಳಿನಲ್ಲಿ ಪರುಪ್ಪು ಕೀರೈ. ಬೇಳೆ ಜತೆ ಬೇಯಿಸುವ ಸೊಪ್ಪು ಅಂತ. ಮರಾಠಿಗರಿಗೆ ಘೋಳ್, ಹಿಂದಿಯಲ್ಲಿ ಕುಲ್ಫಾ. ಲೆಬನಾನಿನವರ ಫತ್ತೂಷ್ ಎಂಬ ಸಲಾಡಿಗೆ ಇದು ಬೇಕು. ಮೆಕ್ಸಿಕೋದಲ್ಲಿ ವೆರ್ಡೊಲಾಗಾಸ್ ಎಂಬ ಹೆಸರಲ್ಲಿ ಮಾಂಸದ ಜತೆ ಬೇಯುತ್ತದೆ. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1854ರ ತನ್ನ 'ವಾಲ್ಡನ್' ಪುಸ್ತಕದಲ್ಲಿ, ಜೋಳದ ಹೊಲದಲ್ಲಿ ಕಿತ್ತ ಇದೇ ಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ ಊಟ ಮುಗಿಸಿದ್ದನ್ನು ಹೇಳುತ್ತಾನೆ.

ಇಷ್ಟು ಹೆಸರಿರುವ ಗಿಡಕ್ಕೆ ನಮ್ಮ ಆಫೀಸಿನ ಟೇಬಲ್ಲಿನಲ್ಲಿ ಒಂದು ಹೆಸರೂ ಇರಲಿಲ್ಲ. ಊರಿಂದ ತಂದ ಫೋಟೋ ತೋರಿಸಿದಾಗ ಹತ್ತು ಜನರಲ್ಲಿ ಎಂಟು ಜನ "ವೀಡ್ ಅಲ್ವಾ?" ಅಂದರು. ಒಬ್ಬ ಧಾರವಾಡದವನು ಮಾತ್ರ "ಅಯ್ಯ, ಇದು ಗೋಳಿ ಪಲ್ಯ ಅಲ್ಲೇನ? ರೊಟ್ಟಿ ಕೂಡ ಭಾರಿ ಇರ್ತದ" ಅಂದ. ಇನ್ನೊಬ್ಬಳು ಸುಮ್ಮನೆ ನೋಡಿ, "ನಮ್ಮಜ್ಜಿ ತರ್ತಿದ್ರು, ಹೆಸರು ಗೊತ್ತಿಲ್ಲ" ಅಂದಳು.

ಕಳೆದುಹೋಗುತ್ತಿರುವುದು ಗಿಡ ಅಲ್ಲ

ಹುಲಿ, ಆನೆ, ಶ್ರೀಗಂಧಗಳ ಬಗ್ಗೆ ನಾವು ಆತಂಕ ಪಡುವುದು ಅವು ಅಳಿದಾವು ಅಂತ. ಗೋಣಿ ಸೊಪ್ಪಿನ ವಿಷಯದಲ್ಲಿ ಆ ಭಯ ಇಲ್ಲ. ಕಾಂಕ್ರೀಟ್ ಸಂದಿಯಲ್ಲೂ ಬದುಕುವ ಗಿಡ ಇನ್ನೆಲ್ಲಿ ಸತ್ತೀತು? ಅಳಿಯುತ್ತಿರುವುದು ಅದರ ಪರಿಚಯ. ಆ ಮೂರು ಪಾಲು ಮಾಡುವ ಕೈ.

ಹೊಲದಲ್ಲಿ ಕೂತಿದ್ದ ಮೂವರಲ್ಲಿ ಅತಿ ಚಿಕ್ಕವರಿಗೆ ಐವತ್ತರ ಮೇಲೆ. ಅವರ ಸೊಸೆಯಂದಿರು, ಹೆಣ್ಣುಮಕ್ಕಳು ಬೆಳಗಾದರೆ ಫ್ಯಾಕ್ಟರಿ ಬಸ್ಸು ಹತ್ತುತ್ತಾರೆ. ತಿಂಗಳಿಗೊಮ್ಮೆ ಕೈಗೆ ಸಂಬಳ ಬರುವ ಕೆಲಸ ಬಿಟ್ಟು ಬಿಸಿಲಲ್ಲಿ ಕಳೆ ಕೀಳಿ ಅಂತ ಅವರಿಗೆ ಹೇಳುವ ಹಕ್ಕು ಎಸಿಯಲ್ಲಿ ಕೂತ ನಮಗಂತೂ ಇಲ್ಲ. ಕೂಲಿಗೆ ಆಳು ಸಿಗುವುದಿಲ್ಲ ಅಂತ ಕೆಲವರು ಕಳೆನಾಶಕ ಹೊಡೆಸುತ್ತಾರೆ. ಅವರ ಕಷ್ಟವೂ ನಿಜವೇ. ಆದರೆ ಸ್ಪ್ರೇಯರ್‌ಗೆ ಮಡಿಲು ಇಲ್ಲ. ಅದಕ್ಕೆ ಎಲ್ಲವೂ ಕಳೆ. ಅಣ್ಣೆ, ಕೊಮ್ಮೆ, ಗೋಣಿ ಒಂದೇ ಸಲಕ್ಕೆ ಹೋಗುತ್ತವೆ. ಮುಂದಿನ ಮಳೆಗೆ ಗೋಣಿ ಮತ್ತೆ ಬಂದರೂ ಬಾಯಿಗಿಡಲು ಧೈರ್ಯ ಬರುವುದಿಲ್ಲ. ಗೆಳತಿಯ ಮನೆಯವರೇ ಈಗ ಪಕ್ಕದ ಹೊಲದ ಸೊಪ್ಪು ಕೀಳುವ ಮುಂಚೆ "ಔಷಧಿ ಹೊಡೆದಿದ್ದೀರಾ?" ಅಂತ ಕೇಳುತ್ತಾರೆ. ಮುಂಚೆ ಈ ಪ್ರಶ್ನೆಯೇ ಇರಲಿಲ್ಲವಂತೆ.

ಇನ್ನೊಂದು ಸಂಗತಿಯನ್ನು ಗೆಳತಿಯ ಅಮ್ಮ ಪಾತ್ರೆ ತೊಳೆಯುತ್ತಾ ಹೇಳಿದರು. "ನಾವು ಚಿಕ್ಕವರಿದ್ದಾಗ ನೆಂಟರು ಬಂದ್ರೆ ಈ ಸೊಪ್ಪು ಮಾಡ್ತಿರಲಿಲ್ಲ. ದುಡ್ಡಿಲ್ದೋರು ಹೊಲದ ಸೊಪ್ಪು ತಿಂತಾರೆ ಅಂದ್ಕೊಂಡಾರು ಅಂತ ನಾಚಿಕೆ." ಬೇಳೆ ತರಲು ಕಾಸಿಲ್ಲದ ವರ್ಷಗಳಲ್ಲಿ ಇದೇ ಸೊಪ್ಪು, ಉಪ್ಪು, ಮೆಣಸಿನಕಾಯಿ ಮನೆಯನ್ನು ದಾಟಿಸಿದೆ. ಹಸಿವಿನ ಜತೆ ಸೇರಿಕೊಂಡ ರುಚಿ ಅದು. ಕೈಯಲ್ಲಿ ನಾಲ್ಕು ಕಾಸು ಆಡಿದ ತಕ್ಷಣ ಜನ ಅದನ್ನು ಬಿಡಲು ನೋಡಿದ್ದರೆ ತಪ್ಪೇನು? ವಿಚಿತ್ರ ಏನೆಂದರೆ, ಈಗ ಅದೇ ಸೊಪ್ಪು ಬೆಂಗಳೂರಿನ ಆರ್ಗ್ಯಾನಿಕ್ ಅಂಗಡಿಗಳಲ್ಲಿ ಪರ್ಸ್‌ಲೇನ್ ಎಂಬ ಲೇಬಲ್ ಹಚ್ಚಿಕೊಂಡು ಸಣ್ಣ ಡಬ್ಬಿಯಲ್ಲಿ ಕೂತಿರುತ್ತದೆ. ಕೊಳ್ಳುವುದು ತಪ್ಪಲ್ಲ. ಆದರೆ ಡಬ್ಬಿಯಲ್ಲಿ ಬರುವುದು ಎಲೆ ಮಾತ್ರ. ಯಾವ ಹೊತ್ತಿಗೆ ಕೀಳಬೇಕು, ಯಾವುದನ್ನು ಬಿಡಬೇಕು, ಯಾವುದರ ಜತೆ ಬೆರೆಸಬೇಕು ಅನ್ನುವುದು ಡಬ್ಬಿಯಲ್ಲಿ ಇರುವುದಿಲ್ಲ.

ಆ ತಿಳಿವಳಿಕೆಯನ್ನು ಆ್ಯಪ್‌ನಲ್ಲಿ ಇಟ್ಟರೆ ಸಾಲದಾ ಅಂತ ನೀವು ಕೇಳಬಹುದು. ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳಿವೆ, ಒಳ್ಳೆಯದೇ. ಆದರೆ ಅವುಗಳನ್ನು ನಂಬಿ ಬಾಯಿಗೆ ಹಾಕಿಕೊಳ್ಳುವುದು ಅಪಾಯ. ಗೋಣಿಯ ಹಾಗೆಯೇ ನೆಲಕ್ಕೆ ಹರಡುವ, ಕೆಂಪು ಕಾಂಡದ, ಹಾಲು ಬರುವ ಗಿಡಗಳೂ ಅದರ ಪಕ್ಕದಲ್ಲೇ ಬೆಳೆಯುತ್ತವೆ. ಅವು ತಿನ್ನುವಂಥವಲ್ಲ. ಅಜ್ಜಿಯ ಪರೀಕ್ಷೆ ಹೀಗಿದೆ: ಕಾಂಡ ಮುರಿ. ಬಿಳಿ ಹಾಲು ಬಂದರೆ ಎಸೆ, ನೀರಿನಂಥ ರಸ ಬಂದರೆ ಮುಂದೆ ನೋಡು. ಎಲೆ ದಪ್ಪಗೆ, ನುಣ್ಣಗೆ ಇರಬೇಕು. ಹೂವು ಹಳದಿ ಇರಬೇಕು. ಈ ಮೂರೂ ಸರಿ ಇದ್ದರೂ ಮೊದಲನೇ ಸಲ ಗೊತ್ತಿರುವವರಿಗೆ ತೋರಿಸದೆ ತಿನ್ನಬೇಡ.

ಕೊನೆಯ ಮಾತೇ ಮುಖ್ಯ. ಗೊತ್ತಿರುವವರು ಪಕ್ಕದಲ್ಲಿ ಇರುವವರೆಗೆ ಇದು ಊಟ. ಅವರು ಇಲ್ಲದ ದಿನ ಇದು ಬರೀ ಕಳೆ.

ನೀವೂ ಹೋಗುವುದಾದರೆ

ಮುಂಗಾರಿನ ಮಳೆ ಎರಡು ಮೂರು ಬಿದ್ದ ಮೇಲೆ, ಆಗಸ್ಟಿನಿಂದ ಅಕ್ಟೋಬರ್ ನಡುವೆ ಹೋಗಿ. ಬೆಳಿಗ್ಗೆ ಬೇಗ ಹೊರಟರೆ ಮುಳಬಾಗಿಲ ದೋಸೆ ತಿಂದು, ಆಂಜನೇಯನ ಗುಡಿ, ಕುರುಡುಮಲೆಯ ದೊಡ್ಡ ಗಣಪ, ಆವಣಿಯ ಬೆಟ್ಟ ನೋಡಿ ಸಂಜೆಗೆ ವಾಪಸು ಬರಬಹುದು. ಗುಡಿಯ ಕಲ್ಲುಹಾಸಿನ ಸಂದಿಯಲ್ಲಿ ಸಣ್ಣ ಗೋಣಿ ಹುಡುಕಿ. ಹೊಲಕ್ಕೆ ಇಳಿಯುವುದಾದರೆ ಹೊಲದವರನ್ನು ಕೇಳಿ ಇಳಿಯಿರಿ. ಔಷಧಿ ಹೊಡೆದಿದ್ದಾರಾ ಅಂತಲೂ ಕೇಳಿ. ಕೋಲಾರ, ಮುಳಬಾಗಿಲಿನ ಸಂತೆ, ಬಸ್ ಸ್ಟ್ಯಾಂಡ್ ಹತ್ತಿರ ಗೋಣಿಚೀಲ ಹಾಸಿ ಬೆರಕೆ ಸೊಪ್ಪು ಮಾರುವ ಹೆಂಗಸರು ಕಂಡರೆ ಚೌಕಾಸಿ ಮಾಡದೆ ಕೊಳ್ಳಿ. ಕೊಂಡ ಮೇಲೆ ಒಂದೊಂದೇ ಎತ್ತಿ ಹಿಡಿದು ಹೆಸರು ಕೇಳಿ. ಬೇಸರವಿಲ್ಲದೆ ಹೇಳುತ್ತಾರೆ, ಹೇಗೆ ಮಾಡಬೇಕು ಅಂತಲೂ ಹೇಳುತ್ತಾರೆ.

ಬೆಂಗಳೂರಿನ ಫುಟ್‌ಪಾತಿನದ್ದನ್ನು ಮಾತ್ರ ಕಿತ್ತು ತಿನ್ನಬೇಡಿ. ಹೊಗೆ, ಚರಂಡಿ, ನಾಯಿಗಳ ಕಾಟ ಒಂದು ಕಡೆ. ಮಣ್ಣಿನ ಸೀಸದಂಥ ಲೋಹಗಳನ್ನು ಈ ಗಿಡ ಹೀರಿಕೊಳ್ಳಬಲ್ಲದು ಅನ್ನುವುದು ಇನ್ನೊಂದು. ಬದಲಿಗೆ ಸಂತೆಯಿಂದ ತಂದ ಸೊಪ್ಪಿನಲ್ಲಿ ನಾಲ್ಕು ದಪ್ಪ ಕಾಂಡ ಉಳಿಸಿ ಒಂದು ಕುಂಡದಲ್ಲಿ ಚುಚ್ಚಿ. ಬಿಸಿಲು ಬೀಳುವ ಕಡೆ ಇಡಿ. ನೀರು ಹಾಕಲು ಮರೆತರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮಂಥ ಸೋಮಾರಿ ತೋಟಗಾರರಿಗೆ ಹೇಳಿ ಮಾಡಿಸಿದ ಗಿಡ. ಟೇಬಲ್ ರೋಸ್ ಪಕ್ಕದಲ್ಲೇ ಇಟ್ಟರೆ ಅಣ್ಣತಮ್ಮ ಜತೆಗಿರುತ್ತಾರೆ.

ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸ. ಈ ವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ. ದಪ್ಪ ಎಲೆ, ಕೆಂಪು ಕಾಂಡ, ಹಳದಿ ಹೂವು, ಮಳೆ ಬಿದ್ದ ಮೇಲೆ ಹೊಲದಲ್ಲಿ ಬರುತ್ತಲ್ಲ, ನಮ್ಮ ಕಡೆ ಅದಕ್ಕೆ ಏನಂತಾರೆ, ಏನು ಮಾಡ್ತಿದ್ರಿ ಅಂತ. ಉತ್ತರ ಬಂದರೆ ಬರೆದಿಟ್ಟುಕೊಳ್ಳಿ.